ಹೊಟ್ಟೆ ಚಿಕ್ಕದಾಯಿತು, ನಾಲಿಗೆ?

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||

ಸಾಮಾನ್ಯವಾಗಿ ಇಲ್ಲಿ ದಾಸರ ಒಂದು ಪದ ತಗೊಂಡು ಅದರ ಅರ್ಥ, ರಾಗ, ತಾಳ ಬರೆಯೋದು ನನ್ನ ರೂಢಿ. ಈ ಸಲ ನನ್ನ ಹೊಟ್ಟೆಯ ವಿಷಯ ಬರೀತಿದ್ದೀನಿ. ಇದೇನಪ್ಪಾ ಅಂತ ನಗಬೇಡಿ. ದಾಸಸಾಹಿತ್ಯದಲ್ಲಿ ಹೊಟ್ಟೆ, ನಾಲಿಗೆ, ಊಟ, ಭಿಕ್ಷೆ ಎಷ್ಟು ಸಲ ಬರತ್ತೆ ಅಂತ ನಿಮಗೇ ಗೊತ್ತು. ಅದೆಲ್ಲ ಅವರು ಯಾಕೆ ಹಾಡಿದರು ಅನ್ನೋದು ನನಗೆ ಐವತ್ತು ದಾಟಿದ ಮೇಲೆ, ಅದೂ ಪೆಟ್ಟು ತಿಂದ ಮೇಲೆ ಸ್ವಲ್ಪ ಅರ್ಥವಾಯಿತು.

ಮೂರು ವರ್ಷದ ಹಿಂದೆ ಇಲ್ಲೇ ನ್ಯೂಜೆರ್ಸಿಯಲ್ಲಿ ನನಗೆ ತೂಕ ಇಳಿಸುವ ಆಪರೇಷನ್ ಆಯಿತು. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಅಂತಾರೆ. ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆದು, ಬಾಳೆಕಾಯಿ ಆಕಾರದ ಸಣ್ಣ ಕೊಳವೆ ಮಾತ್ರ ಉಳಿಸ್ತಾರೆ. ಆಗ ನನ್ನ ತೂಕ 238 ಪೌಂಡ್. ಡಯಾಬಿಟಿಸ್, ಮಂಡಿ ನೋವು, ರಾತ್ರಿ ಉಸಿರು ಕಟ್ಟೋ ಸ್ಲೀಪ್ ಆಪ್ನಿಯಾ, ಎಲ್ಲ ಇತ್ತು. ಭಜನೆಗೆ ನೆಲದ ಮೇಲೆ ಕೂತರೆ ಏಳಕ್ಕೆ ಇಬ್ಬರು ಕೈ ಹಿಡೀಬೇಕಿತ್ತು. ಇಪ್ಪತ್ತು ವರ್ಷ ಡಯಟ್ ಮಾಡಿ ಸೋತು, ಕೊನೆಗೆ ಒಪ್ಪಿಕೊಂಡ ಆಪರೇಷನ್ ಅದು.

ಮೊದಲ ವರ್ಷ ಅದ್ಭುತವಾಗಿತ್ತು. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಹೊಟ್ಟೆಯ ಮೇಲ್ಭಾಗದಲ್ಲಿ. ಆ ಭಾಗವೇ ಹೋದದ್ದರಿಂದ ಹಸಿವೇ ಆಗ್ತಿರಲಿಲ್ಲ. ಅರ್ಧ ಇಡ್ಲಿಗೆ ಸಾಕು ಅನಿಸೋದು. 14 ತಿಂಗಳಲ್ಲಿ 73 ಪೌಂಡ್ ಇಳಿದೆ. ಮಾತ್ರೆಗಳು ಕಡಿಮೆಯಾದವು. ಪದ್ಮಾಸನ ಹಾಕಿ ಕೂತು ತಂಬೂರಿ ಹಿಡಿದು ಹಾಡಿದೆ.

ಆದರೆ ಒಂದು ತಪ್ಪು ಮಾಡಿದ್ದೆ. ಆಪರೇಷನ್ ವಿಷಯ ಮನೆಯವರಿಗೆ, ಮಗಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಭಜನೆಯ ಗುಂಪಿನಲ್ಲಿ ತಟ್ಟೆಗೆ ಕಡಿಮೆ ಬಡಿಸಿಕೊಂಡಾಗ ಕೇಳಿದರೆ "ಸ್ವಲ್ಪ ಗ್ಯಾಸ್ಟ್ರಿಕ್ ರೀ" ಅಂದುಬಿಡ್ತಿದ್ದೆ. ಒಬ್ಬರು, "ನೀವು ಏಕಾದಶಿ ನಿಷ್ಠೆಯಿಂದ ಮಾಡ್ತೀರಲ್ಲ, ಅದರದ್ದೇ ಫಲ ಇದು" ಅಂದರು. ನಾನು ಇಲ್ಲ ಅನ್ನಲಿಲ್ಲ. ಸುಮ್ಮನೆ ನಕ್ಕೆ. ಇನ್ನೊಬ್ಬರು ತಮ್ಮ ಮಗಳಿಗೆ ನನ್ನನ್ನು ತೋರಿಸಿ, "ನೋಡು, ಬಾಯಿ ಕಟ್ಟಿದರೆ ಹೀಗಾಗಬಹುದು" ಅಂದರು. ಆಗಲೂ ನಕ್ಕೆ. ಡಾಕ್ಟರ ಕೈಚಳಕದಿಂದ ಬಂದದ್ದನ್ನು ನನ್ನ ವೈರಾಗ್ಯದ ಲೆಕ್ಕಕ್ಕೆ ಬರೆಸಿಕೊಂಡೆ.

ಪುರಂದರದಾಸರು "ಉದರ ವೈರಾಗ್ಯ" ಎಂದು ಯಾವುದನ್ನು ಹಾಸ್ಯ ಮಾಡಿದರೋ ನಿಮಗೆ ಗೊತ್ತು. ಒಳಗೆ ಭಕ್ತಿಯಿಲ್ಲದೆ ಹೊರಗೆ ತೋರಿಸುವ ಆಚಾರವನ್ನು. ಆ ಪದವನ್ನು ನಾನು ನೂರು ಸಲ ಹಾಡಿದ್ದೀನಿ, ಯಾವಾಗಲೂ ಬೇರೆ ಯಾರನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು.

ಒಂದೂವರೆ ವರ್ಷವಾಗುವಷ್ಟರಲ್ಲಿ ಆಸೆಗಳು ವಾಪಸ್ ಬಂದವು. ಹಸಿವಲ್ಲ, ಆಸೆ. ಊಟವಾಗಿ ಒಂದು ಗಂಟೆಗೆ ಸಿಹಿ ಬೇಕು. ರಾತ್ರಿ ಹನ್ನೊಂದಕ್ಕೆ ಕೋಡುಬಳೆ ಬೇಕು. ಚಪಾತಿ, ಕಾಳಿನ ಪಲ್ಯ ತಿಂದರೆ ನಾಲ್ಕು ತುತ್ತಿಗೆ ಹೊಟ್ಟೆ ಬಿಗಿಯತ್ತೆ. ಆದರೆ ಪಾಯಸ, ಐಸ್ ಕ್ರೀಂ, ಬಾಯಲ್ಲಿ ಕರಗೋ ಮೈಸೂರು ಪಾಕು ಸುಮ್ಮನೆ ಜಾರಿ ಹೋಗತ್ತೆ. ಸ್ವಲ್ಪ ಸ್ವಲ್ಪ ಅಂತ ದಿನವಿಡೀ ತಿಂದರೆ ಚಿಕ್ಕ ಹೊಟ್ಟೆಯೂ ತಡೆಯಲ್ಲ. ಹಾಗೇ 19 ಪೌಂಡ್ ವಾಪಸ್ ಬಂತು. ನಾಚಿಕೆಯಿಂದ ಡಾಕ್ಟರ ಎರಡು ಅಪಾಯಿಂಟ್‌ಮೆಂಟ್ ತಪ್ಪಿಸಿದೆ.

ಹೋದ ವರ್ಷ ಪುಷ್ಯ ಬಹುಳ ಅಮಾವಾಸ್ಯೆ, ಪುರಂದರದಾಸರ ಆರಾಧನೆ. ನಮ್ಮಲ್ಲಿ ಅದನ್ನು ವಾರಾಂತ್ಯಕ್ಕೆ ಇಟ್ಟುಕೊಳ್ತೀವಿ. ಹೊರಗೆ ಹಿಮ, ಒಳಗೆ ಎಂಬತ್ತು ಜನ. ನೈವೇದ್ಯಕ್ಕೆ ಹಯಗ್ರೀವ. ವಾದಿರಾಜರು ಹಯಗ್ರೀವದೇವರಿಗೆ ಅರ್ಪಿಸುತ್ತಿದ್ದ ಕಡಲೆಬೇಳೆ, ಬೆಲ್ಲ, ಕಾಯಿ, ತುಪ್ಪದ ಆ ಮಡ್ಡಿಯನ್ನು ನಾನೇ ಮಾಡಿದ್ದೆ. ಎಲ್ಲರ ಎದುರು ಒಂದು ಚಮಚ ಮಾತ್ರ ತಗೊಂಡೆ. ಉಳಿದದ್ದನ್ನು, "ಪ್ರಸಾದ ಚೆಲ್ಲಬಾರದು" ಅಂತ ದೊಡ್ಡ ಡಬ್ಬಿಗೆ ತುಂಬಿ ಮನೆಗೆ ತಂದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಲೈಟು ಕೂಡ ಹಾಕದೆ, ಫ್ರಿಜ್ಜಿನ ಬೆಳಕಲ್ಲಿ ನಿಂತು ತಿಂದೆ. ಒಂದು ಚಮಚ, ಮುಚ್ಚಳ ಹಾಕೋದು. ಮತ್ತೆ ತೆಗೆಯೋದು. ಒಂದು ಗಂಟೆಯಲ್ಲಿ ಅರ್ಧ ಡಬ್ಬಿ. ಸ್ವಲ್ಪ ಹೊತ್ತಿಗೆ ಎದೆ ಡವಡವ ಅಂತು, ಬೆವರು, ತಲೆ ಸುತ್ತು. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗತ್ತೆ, ಇದಕ್ಕೆ ಡಂಪಿಂಗ್ ಅಂತಾರೆ ಎಂದು ಮೊದಲೇ ಹೇಳಿದ್ದರು. ಬಾತ್‌ರೂಮಿನ ನೆಲದ ಮೇಲೆ ಮಲಗಿದೆ. ನಮ್ಮ ಮನೆಯವರು ಎದ್ದು ಬಂದರು.

"ಏನಾಯ್ತೇ?"

"ಏನಿಲ್ಲ ರೀ. ಪ್ರಸಾದ ಸ್ವಲ್ಪ ಜಾಸ್ತಿ ಆಯ್ತು. ಪ್ರಸಾದ ಅಲ್ವಾ, ಬೇಡ ಅನ್ನಕ್ಕಾಗತ್ತಾ?"

ಅವರು ನೀರು ಕೊಟ್ಟರು, ಬೆನ್ನು ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು: "ಪ್ರಸಾದಕ್ಕೆ ಇಷ್ಟು ಕಳ್ಳತನ ಯಾಕೆ?"

ಬೈದಿದ್ದರೆ ಜಗಳ ಆಡಿ ಮರೆತುಬಿಡ್ತಿದ್ದೆ. ಬೈಯಲಿಲ್ಲವಲ್ಲ, ಆ ಪ್ರಶ್ನೆ ನನ್ನಲ್ಲೇ ಉಳಿದುಬಿಟ್ಟಿತು.

ಅದರ ಬಗ್ಗೆ ಯೋಚನೆ ಮಾಡ್ತಾ ಮೊದಲು ನನ್ನನ್ನು ಕೇಳಿಕೊಂಡದ್ದು, ಆಸೆ ಬರೋದೇ ಪಾಪವಾ ಅಂತ. ಗೀತೆಯ ಎರಡನೇ ಅಧ್ಯಾಯದ 59ನೇ ಶ್ಲೋಕ ನೋಡಿ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾಗುತ್ತವೆ, ಆದರೆ ರುಚಿಯ ಸೆಳೆತ ಮಾತ್ರ ಉಳಿಯುತ್ತದೆ, ಪರಮಾತ್ಮನನ್ನು ಕಂಡಾಗಲೇ ಅದು ಹೋಗುವುದು ಎನ್ನುತ್ತಾನೆ ಕೃಷ್ಣ. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತನಿಗೆ ಮೀನು ಕೂಡ ಒಬ್ಬ ಗುರು, ಗಾಳದ ತುತ್ತಿಗೆ ಸಿಕ್ಕಿ ಸಾಯುತ್ತದಲ್ಲ, ಅದಕ್ಕೆ. ಉಪವಾಸ ಮಾಡಿದರೆ ಬೇರೆ ಇಂದ್ರಿಯಗಳು ಸೋಲುತ್ತವೆ, ನಾಲಿಗೆಯ ಚಪಲ ಮಾತ್ರ ಇನ್ನೂ ಹೆಚ್ಚುತ್ತದೆ ಎಂದು ಅಲ್ಲೇ ಬರತ್ತೆ. ಏಕಾದಶಿ ಮಾಡಿ ದ್ವಾದಶಿ ಬೆಳಗ್ಗೆ ಪಾರಣೆಗೆ ಎರಡು ಪಟ್ಟು ತಿಂದವರಿಗೆಲ್ಲ ಇದು ಗೊತ್ತು. ನಾನಂತೂ ಎಷ್ಟೋ ವರ್ಷ ಹಾಗೇ ಮಾಡಿದ್ದೀನಿ.

ಅಂದರೆ ಹೊಟ್ಟೆ ಕತ್ತರಿಸಿದ ಮೇಲೂ ಆಸೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಡಾಕ್ಟರು ಕತ್ತರಿಸಿದ್ದು ಚೀಲವನ್ನು. ಅಜ್ಜಿ ಮನೆಯ ಬೆಲ್ಲದ ವಾಸನೆಯ ನೆನಪನ್ನಲ್ಲ, ಈ ಪರದೇಶದ ಸಂಜೆಗಳಲ್ಲಿ ಬೇಜಾರಾದಾಗ ತಿಂಡಿಯ ಡಬ್ಬಿಗೆ ಹೋಗೋ ಕೈಯನ್ನೂ ಅಲ್ಲ. ಹಸಿವು, ತೃಪ್ತಿ ಎಲ್ಲ ನಾವು ಆಡಿಸಿದಂತೆ ಆಡೋದಿಲ್ಲ. ಜೀವ ಅಸ್ವತಂತ್ರ ಎಂದು ದಿನಾ ಹೇಳೋ ನಾವು, ಯಾರದಾದರೂ ತೂಕ ಹೆಚ್ಚಾದ ಕೂಡಲೇ "ಮನಸ್ಸು ಗಟ್ಟಿ ಮಾಡಿದರೆ ಆಗತ್ತೆ ರೀ" ಅಂತೀವಿ. ಅದು ಸಿದ್ಧಾಂತವೂ ಅಲ್ಲ, ದಯೆಯೂ ಅಲ್ಲ.

ಇನ್ನೊಂದು ಪ್ರಶ್ನೆಯೂ ಇತ್ತು. ಕತ್ತಿಯಿಂದ ಬಂದ ಸಂಯಮ ನಿಜವಾದ ಸಂಯಮವಾ? ಇದು ಅಡ್ಡದಾರಿ ಅಲ್ವಾ? ಅಲ್ಲ ಅಂತ ನನ್ನ ಉತ್ತರ. ಕಾಲು ಮುರಿದವನಿಗೆ ಊರುಗೋಲು ಅಡ್ಡದಾರಿಯಲ್ಲ, ಆದರೂ ನಡೆಯಬೇಕಾದವನು ಅವನೇ. ಊರುಗೋಲನ್ನು ಬಚ್ಚಿಟ್ಟು "ನೋಡಿ, ಹೇಗೆ ನಡೀತೀನಿ" ಅಂತ ಮೆಚ್ಚುಗೆ ತಗೊಂಡೆನಲ್ಲ, ತಪ್ಪಾಗಿದ್ದು ಅಲ್ಲಿ.

ಮನೆಯವರು ಕೇಳಿದ್ದು ಇದಕ್ಕಿಂತ ಕಷ್ಟದ್ದು. ಆ ರಾತ್ರಿ ನಾನು ತಿಂದದ್ದು ಪ್ರಸಾದವಾ? ವಸ್ತು ಅದೇ, ನೈವೇದ್ಯವೂ ಆಗಿತ್ತು. ಆದರೆ ತಿನ್ನುವಾಗ ದೇವರ ನೆನಪು ಒಂದು ಕ್ಷಣವೂ ಇರಲಿಲ್ಲ. ಸಿಕ್ಕಿಬಿದ್ದಾಗ ಮಾತ್ರ ದೇವರ ಹೆಸರು ಬಂತು, ಅದೂ ನನ್ನ ರಕ್ಷಣೆಗೆ. ಅದೇ ಡಬ್ಬಿಯಲ್ಲಿ ಅಂಗಡಿಯ ಕೇಕ್ ಇದ್ದಿದ್ದರೂ ತಿಂತಿದ್ದೆ, ಆದರೆ ಅದಕ್ಕೆ ನೆಪ ಸಿಗ್ತಿರಲಿಲ್ಲ. ಆಸೆ ಬಂದದ್ದು ಪಾಪವಲ್ಲ. ನನ್ನ ಆಸೆಗೆ ಅವನ ಹೆಸರಿಟ್ಟದ್ದು ತಪ್ಪು.

ಆಗ ಜಗನ್ನಾಥದಾಸರ ಕಥೆ ನೆನಪಾಯಿತು. ಅವರಿನ್ನೂ ಮಾನವಿಯ ಶ್ರೀನಿವಾಸಾಚಾರ್ಯರಾಗಿದ್ದಾಗ, ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವು ಎಂದು ಸುಳ್ಳು ನೆಪ ಹೇಳಿ ಹೋಗಲಿಲ್ಲವಂತೆ. ಆಮೇಲೆ ನಿಜವಾಗಿಯೂ ಹೊಟ್ಟೆಯ ರೋಗ ಬಂತು. ಕೊನೆಗೆ ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷ ಧಾರೆಯೆರೆದು ಉಳಿಸಿದರು ಎಂದು ಸಂಪ್ರದಾಯ ಹೇಳತ್ತೆ. ಹರಿದಾಸರ ಊಟದ ಪಂಕ್ತಿಗೆ "ಹೊಟ್ಟೆ ಸರಿಯಿಲ್ಲ" ಅಂತ ಸುಳ್ಳು ಹೇಳಿದವಳು ನಾನೂ ಅಲ್ವಾ? ಕಾಯಿಲೆ ದೇವರು ಕೊಟ್ಟ ಶಿಕ್ಷೆ ಅಂತ ನಾನು ಹೇಳ್ತಿಲ್ಲ. ರೋಗಿಗಳಿಗೆ ಆ ಮಾತು ಯಾರೂ ಹೇಳಬಾರದು. ನನಗೆ ಮನಸ್ಸಿಗೆ ತಟ್ಟಿದ್ದು ಕಥೆಯ ಮುಂದಿನ ಭಾಗ. ಸುಳ್ಳು ಹೇಳಿದವರನ್ನು ದಾಸರು ತಳ್ಳಲಿಲ್ಲ. ಅದೇ ವ್ಯಕ್ತಿ ಮುಂದೆ ಹರಿಕಥಾಮೃತಸಾರ ಬರೆದರು, ಅದರಲ್ಲಿ ಭೋಜನರಸವಿಭಾಗ ಎಂದು ಊಟದ ಮೇಲೆಯೇ ಒಂದು ಸಂಧಿ ಇದೆ.

ಗೋಪಾಲದಾಸರು ಧನ್ವಂತ್ರಿಯನ್ನು ಕೇಳುವ ಪದವೊಂದಿದೆಯಲ್ಲ, ನನಗಿರೋದು ಯಾವ ರೋಗ ಎಂದು. ಅದರಲ್ಲಿ ಕಣ್ಣು, ಕಿವಿ ಎಲ್ಲದರ ದೋಷ ಹೇಳಿಕೊಳ್ಳುವಾಗ, ಹರಿಯ ಪ್ರಸಾದ ನಾಲಿಗೆಗೆ ರುಚಿಸುತ್ತಿಲ್ಲ ಎನ್ನುವುದೂ ಒಂದು ಲಕ್ಷಣ. ಅರ್ಧ ಡಬ್ಬಿ ತಿಂದ ಆ ರಾತ್ರಿ ಹಯಗ್ರೀವದ ರುಚಿ ಹೇಗಿತ್ತು ಅಂತ ಯಾರಾದರೂ ಕೇಳಿದ್ದರೆ ನನಗೆ ಹೇಳಕ್ಕೇ ಆಗ್ತಿರಲಿಲ್ಲ. ಆ ಪದವನ್ನು ಅಳದೆ ಹಾಡಕ್ಕೆ ಈಗ ನನಗೆ ಆಗೋದಿಲ್ಲ.

ಮೊದಲು ಕ್ಲಿನಿಕ್ಕಿಗೆ ಹೋದೆ. ಬೈತಾರೆ ಅಂದುಕೊಂಡಿದ್ದೆ. ಡಯಟಿಷಿಯನ್ನಿಗೆ ಆಶ್ಚರ್ಯವೇ ಆಗಲಿಲ್ಲ. "ಎರಡನೇ ವರ್ಷದಿಂದ ಸ್ವಲ್ಪ ವಾಪಸ್ ಬರೋದು ಸಾಮಾನ್ಯ. ಇದು ಜೀವಮಾನದ ಕಾಯಿಲೆ, ನೀವು ಬರದೇ ಇದ್ದದ್ದಷ್ಟೇ ತೊಂದರೆ" ಅಂದರು. ಬಿ12, ಕಬ್ಬಿಣ ನೋಡಿದರು. ಮೊದಲು ಪ್ರೋಟೀನ್, ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡೀರಿ, ನಿಂತು ತಿನ್ನಬೇಡಿ ಎಂದರು. ನೀರೂ ಇಲ್ಲದ ಉಪವಾಸ ಬೇಡವೇ ಬೇಡ ಎಂದರು. ನನ್ನ ಏಕಾದಶಿ ಈಗ ಹಾಲು, ಮಜ್ಜಿಗೆ, ನೀರು, ಪಾರಾಯಣದಲ್ಲಿ ನಡೀತಿದೆ.

ಆಮೇಲಿನ ಶನಿವಾರ ಭಜನೆಯಲ್ಲಿ, ಮಂಗಳಾರತಿಗೆ ಮುಂಚೆ, ಎಲ್ಲರಿಗೂ ಹೇಳಿಬಿಟ್ಟೆ. ಆಪರೇಷನ್, ಸುಳ್ಳು, ಡಬ್ಬಿ, ಎಲ್ಲ. ದಾಸರು ತಮ್ಮ ದೋಷಗಳನ್ನು ಅಂಕಿತ ಹಾಕಿ ಊರಿಗೆಲ್ಲ ಕೇಳೋ ಹಾಗೆ ಹಾಡಿದರು, ನನಗೆ ಇಪ್ಪತ್ತು ಜನರ ಮುಂದೆ ಹೇಳಕ್ಕೆ ಮೈ ನಡುಗಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬರ ಮುಖ ಸಪ್ಪಗಾಯಿತು, ಅವರು ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ. ಮೋಸ ಹೋದೆ ಅನಿಸಿರಬೇಕು, ಅದರಲ್ಲಿ ನ್ಯಾಯ ಇದೆ.

ನಮ್ಮ ಗುಂಪಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಅವರು ನನ್ನನ್ನು ಹತ್ತಿರ ಕರೆದು ಕೇಳಿದರು: "ಅಲ್ಲಮ್ಮಾ, ತೀರ್ಥ ಎಷ್ಟು ಕೊಡ್ತಾರೆ?"

"ಒಂದು ಉದ್ಧರಣೆ, ಅಜ್ಜಿ."

"ಚೊಂಬುಗಟ್ಟಲೆ ಕುಡಿದರೆ ಪುಣ್ಯ ಜಾಸ್ತಿ ಬರತ್ತಾ? ಪ್ರಸಾದಾನೂ ಹಾಗೇ ತಗೋ. ಕೂತ್ಕೊಂಡು, ನಾಲ್ಕು ಜನರ ಮಧ್ಯ, ಕಣ್ಣಿಗೊತ್ತಿಕೊಂಡು, ಒಂದು ಉದ್ಧರಣೆ. ಉಳಿದದ್ದು ನಮಗೆ ಕೊಡು, ನಮ್ಮ ಹೊಟ್ಟೆ ಇನ್ನೂ ದೊಡ್ಡದಾಗೇ ಇದೆ!"

ಎಲ್ಲರೂ ನಕ್ಕರು, ನಾನೂ ಅತ್ತುಕೊಂಡೇ ನಕ್ಕೆ. ಅಂದಿನಿಂದ ಹಾಗೇ ತಗೋತೀನಿ. ಉಳಿದ ಪ್ರಸಾದದ ಡಬ್ಬಿ ನನ್ನ ಮನೆಗೆ ಬರೋದಿಲ್ಲ.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ಮತ್ತೆ ಅದೇ ಸುಳ್ಳು. ಬಂದಿದ್ದ 19 ಪೌಂಡಿನಲ್ಲಿ 8 ಇಳಿದಿದೆ, 11 ಹಾಗೇ ಇದೆ. ಹೋದ ವಾರವೇ ಅಮ್ಮನ ಜೊತೆ ಫೋನಲ್ಲಿ ಮಾತಾಡಿ ಮನಸ್ಸು ಕೆಟ್ಟು ಕೋಡುಬಳೆ ಪ್ಯಾಕೆಟ್ ಪೂರ್ತಿ ಮುಗಿಸಿದೆ. ಆದರೆ ಅದನ್ನು ಕೂತು ತಿಂದೆ, ಆಮೇಲೆ ಮನೆಯವರಿಗೆ ಹೇಳಿದೆ, ದೇವರ ಮುಂದೆಯೂ ಹೇಳಿದೆ. ಹಿಂದೆ ಒಂದು ಸಲ ಜಾರಿದರೆ "ಹೇಗೂ ಕೆಟ್ಟೆ" ಅಂತ ವಾರವಿಡೀ ತಿಂತಿದ್ದೆ. ಈಗ ಮಾರನೇ ದಿನ ಬೆಳಗ್ಗೆ ಸ್ನಾನ, ಪೂಜೆ, ಎರಡು ಸ್ಪೂನ್ ಉಪ್ಪಿಟ್ಟು, ಎಂದಿನಂತೆ. ನನ್ನ ಮಟ್ಟಿಗೆ ಬದಲಾದದ್ದು ಅಷ್ಟೇ, ಅದು ಸಣ್ಣದಲ್ಲ ಅಂತ ನನ್ನ ನಂಬಿಕೆ.

ಇದನ್ನು ಓದುತ್ತಿರುವವರಲ್ಲಿ ನನ್ನಂತೆ ಬಚ್ಚಿಟ್ಟುಕೊಂಡಿರುವವರು ಇದ್ದರೆ, ದಯವಿಟ್ಟು ಡಾಕ್ಟರ ಹತ್ತಿರ ಹೋಗೋದು ನಿಲ್ಲಿಸಬೇಡಿ, ನಂಬಿಕೆಯ ಒಬ್ಬರಿಗಾದರೂ ಹೇಳಿ. ಬೇರೆಯವರು, ಪಂಕ್ತಿಯಲ್ಲಿ ಪಕ್ಕದವರು ಕಡಿಮೆ ಬಡಿಸಿಕೊಂಡರೆ ಬಲವಂತ ಮಾಡಬೇಡಿ, ಕಾರಣವನ್ನೂ ಕೇಳಬೇಡಿ. ಹೊಟ್ಟೆಯಲ್ಲಿ ವೈಶ್ವಾನರನಾಗಿ ಕೂತವನಿಗೆ ಲೆಕ್ಕ ಗೊತ್ತು.

ತಪ್ಪಿದ್ದರೆ ಹಿರಿಯರು ತಿದ್ದಬೇಕು.

|| ಶ್ರೀ ಕೃಷ್ಣಾರ್ಪಣಮಸ್ತು ||