ಮೂರನೆಯವನ ಲಾಭ

‘ಇಬ್ಬರ ಜಗಳ ಮೂರನೆಯವನಿಗೆ ಲಾಭ.’ ಗಂಗಾವತಿ ಸೀಮೆಯಲ್ಲಿ ಬದುವಿನ ತಂಟೆ ಕಚೇರಿ ಮೆಟ್ಟಿಲೇರಿತೆಂದರೆ ಕಟ್ಟೆಯ ಮೇಲೆ ಕೂತ ಯಾರಾದರೊಬ್ಬರು ಈ ಮಾತು ಆಡಿಯೇ ತೀರುತ್ತಾರೆ. ಅಣ್ಣತಮ್ಮಂದಿರು ಕಾದಾಡಿ ಹೊಲ ಕಳೆದುಕೊಂಡರೆ ಕೊಳ್ಳುವವನು ಪಕ್ಕದ ಹೊಲದವನು. ಗಾದೆ ಹುಟ್ಟಿದ್ದೇನೋ ಜಗಳಗಂಟರಿಗೆ ಬುದ್ಧಿ ಹೇಳಲಿಕ್ಕೆ. ಅದನ್ನೇ ಮೂರನೆಯವನು ಕೇಳಿಸಿಕೊಂಡರೆ? ಅವನಿಗದು ಬದುಕುವ ಉಪಾಯವಾಗಿ ಕೇಳಿಸುತ್ತದೆ. ಹಾಗೆ ಕೇಳಿಸಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲೆ ರಾಜ್ಯವಾಳಿದವನ ಪಟ್ಟಣ ನದಿಯ ನಡುವಣ ವಿರೂಪಾಪುರಗಡ್ಡೆಯ ಆಚೆ ದಂಡೆಯಲ್ಲಿ ಹಾಳುಬಿದ್ದಿದೆ.

ಗಡ್ಡೆಗೂ ಈ ಗಾದೆ ಹೊಸದೇನಲ್ಲ. ಇಲ್ಲಿನ ರೆಸಾರ್ಟುಗಳವರಿಗೂ ಹಂಪಿ ಪ್ರಾಧಿಕಾರಕ್ಕೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಪ್ರವಾಸಿಗರೇನು ಊರಿಗೆ ವಾಪಸಾಗಲಿಲ್ಲ. ಸಾಣಾಪುರ, ಆನೆಗೊಂದಿಯ ಕಡೆ ಹೊರಳಿದರು.

ಆಚೆ ದಂಡೆಯ ವಿಜಯನಗರವನ್ನಾಳಿದವನು ಅಳಿಯ ರಾಮರಾಯ, ಆರವೀಡು ಮನೆತನದವನು. ಗೋಲ್ಕೊಂಡದ ಪಾರ್ಸಿ ಚರಿತ್ರೆಯೊಂದರ ಪ್ರಕಾರ ಅವನು ಮೊದಲು ಊಳಿಗಕ್ಕಿದ್ದದ್ದು ಅಲ್ಲಿನ ಕುತುಬ್ ಶಾಹನ ಬಳಿ. ಕಾಯಲು ಕೊಟ್ಟ ಕೋಟೆಯನ್ನು ಬಿಜಾಪುರದವರು ಮುತ್ತಿದಾಗ ಬಿಟ್ಟು ಓಡಿದನೆಂದು ಅಲ್ಲಿಂದ ಹೊರಹಾಕಿಸಿಕೊಂಡು ವಿಜಯನಗರಕ್ಕೆ ಬಂದ. ಬಂದವನು ಕೃಷ್ಣದೇವರಾಯನ ಮಗಳ ಕೈಹಿಡಿದ. 1529ರಲ್ಲಿ ಮಾವ ತೀರಿಕೊಂಡಾಗ ಪಟ್ಟ ಅವನ ತಮ್ಮ ಅಚ್ಯುತರಾಯನ ಪಾಲಾಯಿತು. ರಾಮರಾಯ ಕಾದ. 1542ರಲ್ಲಿ ಅಚ್ಯುತನೂ ಹೋದ ಮೇಲೆ ಅವನ ಎಳೆಯ ಮಗನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ಅರಮನೆಯ ಆ ಒಡಕಿನಲ್ಲಿ ರಾಮರಾಯ ಕೈಯಿಟ್ಟ. ಗುತ್ತಿ ಕೋಟೆಯಲ್ಲಿದ್ದ, ಅದೇ ರಾಜಮನೆತನದ ಸದಾಶಿವರಾಯನನ್ನು ಕರೆತಂದು, ಸಲಕರಾಜುವನ್ನು ತೀರಿಸಿ, ಹುಡುಗನಿಗೆ ಪಟ್ಟ ಕಟ್ಟಿಸಿದ. ಸಿಂಹಾಸನದ ಮೇಲೆ ಸದಾಶಿವ, ಅಧಿಕಾರವೆಲ್ಲ ಅಳಿಯನದು. 1567ರಲ್ಲಿ ಇಲ್ಲಿಗೆ ಬಂದ ವೆನಿಸ್‌ನ ವ್ಯಾಪಾರಿ ಫೆದರಿಚಿ ಬರೆದಂತೆ, ರಾಮರಾಯನೂ ಅವನ ತಮ್ಮಂದಿರೂ ದೊರೆಯನ್ನು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಜನರಿಗೆ ತೋರಿಸುತ್ತಿದ್ದರಂತೆ.

ಮನೆಯೊಳಗೆ ಕಲಿತ ವಿದ್ಯೆಯನ್ನು ಅವನು ಕೃಷ್ಣೆಯಾಚೆಗೂ ಒಯ್ದ. 1543ರಲ್ಲಿ ಅಹ್ಮದ್‌ನಗರದ ಜೊತೆ ಸೇರಿ ಬಿಜಾಪುರದ ಮೇಲೆ. ಮುಂದೆ ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ. ಗೋಲ್ಕೊಂಡದಿಂದ ಓಡಿಬಂದ ಇಬ್ರಾಹಿಂ ಕುತುಬ್ ಶಾಹ ಏಳು ವರ್ಷ ಇವನ ಆಶ್ರಯದಲ್ಲಿದ್ದು 1550ರಲ್ಲಿ ತನ್ನ ಪಟ್ಟಕ್ಕೆ ಮರಳಿದ. ಮಗ ಸತ್ತ ದುಃಖದಲ್ಲಿದ್ದ ರಾಮರಾಯನನ್ನು ಮಾತಾಡಿಸಲು ಬಿಜಾಪುರದ ಅಲಿ ಆದಿಲ್ ಶಾಹನೇ ವಿಜಯನಗರಕ್ಕೆ ಬಂದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಐನುಲ್ ಮುಲ್ಕ್ ಗಿಲಾನಿಯಂಥ ಸರದಾರರು ರಾಮರಾಯನ ಸೇನೆಯಲ್ಲೇ ಇದ್ದರು. ಇದನ್ನೆಲ್ಲ ಎರಡು ಧರ್ಮಗಳ ಕದನವೆಂದು ಪಾಠ ಹೇಳುವವರು ಈ ಸಂಗತಿಗಳನ್ನು ಎಲ್ಲಿಡುತ್ತಾರೋ ಕಾಣೆ.

ಗಾದೆಯೊಳಗೆ ಬಾಯಿಬಿಟ್ಟು ಹೇಳದ ಒಂದು ಕರಾರಿದೆ. ಜಗಳವಾಡುವ ಇಬ್ಬರಿಗೂ ಮೂರನೆಯವನಿಗಿಂತ ತಮ್ಮತಮ್ಮದೇ ಭಯ ಹೆಚ್ಚಿರಬೇಕು. ಲಾಭ ಬೆಳೆದಷ್ಟೂ ಮೂರನೆಯವನು ದೊಡ್ಡವನಾಗುತ್ತಾನೆ, ಭಯ ಅವನ ಕಡೆ ವಾಲುತ್ತದೆ. ಹೀಗಾಗಿ ಆಟ ಚೆನ್ನಾಗಿ ಆಡಿದವನಿಗೇ ಅಪಾಯ ಜಾಸ್ತಿ. ರಾಮರಾಯ ಆ ಗೆರೆ ದಾಟಿದ್ದು ಯುದ್ಧದಲ್ಲಲ್ಲ, ಒಂದು ವೀಳ್ಯದಲ್ಲಿ ಎಂದು ನನ್ನ ಎಣಿಕೆ. ಸೋತ ಅಹ್ಮದ್‌ನಗರದ ಹುಸೇನ್ ನಿಜಾಂ ಶಾಹ ತಾನೇ ಬಂದು ತನ್ನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕೆಂದು ರಾಮರಾಯ ಷರತ್ತು ಹಾಕಿದನೆಂದು ಚರಿತ್ರೆಕಾರ ಫೆರಿಷ್ತಾ ಬರೆಯುತ್ತಾನೆ. ಹುಸೇನ್ ಬಂದ, ಕೈ ಮುಟ್ಟಿದ, ಎದುರಿಗೇ ನೀರು ತರಿಸಿ ಕೈ ತೊಳೆದ. ರಾಮರಾಯನೂ ನೀರು ತರಿಸಿ ತೊಳೆದ. ಕಲ್ಯಾಣದ ಕೋಟೆಯ ಬೀಗದ ಕೈಯನ್ನು ಹುಸೇನ್ ಕೊಟ್ಟದ್ದು ರಾಮರಾಯನಿಗೆ, ರಾಮರಾಯ ಅದನ್ನು ದಾಟಿಸಿದ್ದು ಅಲಿಗೆ. ಕೋಟೆ ಸಿಕ್ಕಿದ ಅಲಿಗೂ ಅದು ಯಾರ ಕೈಯಿಂದ ಸಿಕ್ಕಿತೆಂಬುದು ಮರೆಯುವಂಥದ್ದಲ್ಲ. ಮಗನೆನಿಸಿಕೊಂಡವನು ದಿನಕಳೆದಂತೆ ಸಾಮಂತನ ಹಾಗೆ ಕಾಣತೊಡಗಿದ್ದ.

ಇಂಗ್ಲೆಂಡಿನಲ್ಲಿ ಇದಕ್ಕೆ ನೂರು ವರ್ಷ ಮೊದಲು ಇದೇ ಆಟ ಆಡಿದ ವಾರಿಕ್‌ನ ಅರ್ಲ್ ರಿಚರ್ಡ್ ನೆವಿಲ್ ಎಂಬ ಸರದಾರನಿದ್ದ. ದೊರೆಗಳನ್ನು ಮಾಡುವವನೆಂದೇ ಅವನ ಹೆಸರು. 1461ರಲ್ಲಿ ನಾಲ್ಕನೆಯ ಎಡ್ವರ್ಡನನ್ನು ಗದ್ದುಗೆಗೇರಿಸಿದ. ಮುನಿಸಿಕೊಂಡು ಎಡ್ವರ್ಡನ ತಮ್ಮ ಕ್ಲಾರೆನ್ಸನಿಗೆ ಮಗಳನ್ನು ಕೊಟ್ಟು, ಅಣ್ಣನ ಮೇಲೆ ಎತ್ತಿಕಟ್ಟಿದ. ಅಲ್ಲಿ ಕೈಕೊಟ್ಟವನೂ ಅಳಿಯನೇ. 1471ರ ಏಪ್ರಿಲಿನಲ್ಲಿ ಅಣ್ಣತಮ್ಮಂದಿರು ರಾಜಿಯಾದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 14ರಂದು, ಬಾರ್ನೆಟ್ ಕಾಳಗದಲ್ಲಿ ವಾರಿಕ್ ಸತ್ತ.

ದಖ್ಖನಿನಲ್ಲಿ ರಾಜಿ ನಡೆದದ್ದು ಮದುವೆಯ ಮೂಲಕ. ಹುಸೇನನ ಮಗಳು ಚಾಂದ್ ಬೀಬಿ ಅಲಿಯ ಹೆಂಡತಿಯಾದಳು, ಬಳುವಳಿಯಾಗಿ ಸೊಲ್ಲಾಪುರದ ಕೋಟೆ. ಅಲಿಯ ತಂಗಿ ಹುಸೇನನ ಮಗನ ಮನೆ ತುಂಬಿದಳು. ವರ್ಷಗಟ್ಟಲೆ ಹೊಡೆದಾಡಿದ್ದೇ ಸೊಲ್ಲಾಪುರ, ಕಲ್ಯಾಣಗಳಿಗಾಗಿ; ಅದರಲ್ಲೊಂದು ಈಗ ಬೀಗರ ಉಡುಗೊರೆ. ಬೀದರ, ಗೋಲ್ಕೊಂಡಗಳೂ ಕೂಡಿಕೊಂಡವು. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿಯ ಹತ್ತಿರ, ಎಂಬತ್ತರ ಆಸುಪಾಸಿನ ಮುದುಕ ರಾಮರಾಯ ಪಲ್ಲಕ್ಕಿಯಲ್ಲಿ ಕೂತು ಸೇನೆ ನಡೆಸಿದ. ಸೆರೆ ಸಿಕ್ಕವನ ತಲೆ ತೆಗೆಸಿದವನು ಕೈ ತೊಳೆದ ಆ ಹುಸೇನನೇ. ರಾಮರಾಯನ ತಮ್ಮ ತಿರುಮಲ ಸದಾಶಿವನನ್ನೂ ಬೊಕ್ಕಸವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದ.

ಗೆದ್ದವರ ಒಗ್ಗಟ್ಟು ಬಹಳ ದಿನ ಬಾಳಲಿಲ್ಲ. ಮತ್ತೆ ಗಡಿ, ಮತ್ತೆ ಕೋಟೆ. ಈ ಸಲ ಮೂರನೆಯವನು ಬಡಗಣದಿಂದ ಬಂದ. ರಾಜಿಯ ಮದುಮಗಳಾಗಿದ್ದ ಚಾಂದ್ ಬೀಬಿ ಗಂಡ ಸತ್ತ ಮೇಲೆ ತವರಿಗೆ ಮರಳಿದ್ದಳು. 1595-96ರಲ್ಲಿ ಅಹ್ಮದ್‌ನಗರದ ಗೋಡೆಯ ಮೇಲೆ ನಿಂತು ಮೊಗಲರನ್ನು ತಡೆದವಳು ಅವಳೇ. 1600ರಲ್ಲಿ ಅವರು ಮತ್ತೆ ಬಂದು ಮುತ್ತಿದಾಗ ಕೋಟೆಯೊಳಗೆ ಬಣಗಳೆದ್ದವು. ಅವಳು ಶತ್ರುವಿನ ಜೊತೆ ಮಾತುಕತೆ ನಡೆಸಿದ್ದಾಳೆಂದು ತನ್ನವರೇ ನುಗ್ಗಿ ಕೊಂದರು. ಸ್ವಲ್ಪ ದಿನಕ್ಕೇ ಅಕ್ಬರನ ಸೈನ್ಯ ಕೋಟೆ ಹೊಕ್ಕಿತು.