ಕೃತ್ತಿಕೆಯರ ತಪ್ಪೇನು?

ಮದುವೆಯಲ್ಲಿ ಸಪ್ತಪದಿ ಮುಗಿದ ಮೇಲೆ ವಧೂವರರನ್ನು ಹೊರಗೆ ಕರೆದು ಅರುಂಧತಿಯನ್ನು ತೋರಿಸುವ ಶಾಸ್ತ್ರ ನಮ್ಮಲ್ಲಿ ಇಂದಿಗೂ ಉಂಟು. ಮಟಮಟ ಮಧ್ಯಾಹ್ನ. ಪುರೋಹಿತರು "ಕಂಡಿತೇನಮ್ಮಾ?" ಎಂದರೆ ಹುಡುಗಿ "ಕಂಡಿತು" ಎನ್ನುತ್ತಾಳೆ. ಇನ್ನೇನು ಮಾಡಿಯಾಳು, ಊಟದ ಪಂಕ್ತಿ ಕಾಯುತ್ತಿರುತ್ತದೆ! ನಿಜವಾಗಿ ನೋಡಬೇಕೆಂದರೆ ಏಪ್ರಿಲ್-ಮೇ ತಿಂಗಳ ರಾತ್ರಿ ಉತ್ತರಕ್ಕೆ ಮುಖ ಮಾಡಬೇಕು. ಸಪ್ತರ್ಷಿಮಂಡಲದ ಬಾಲದ ನಡುವಿನ ನಕ್ಷತ್ರ ವಸಿಷ್ಠ. ಅದಕ್ಕೆ ಒತ್ತಿಕೊಂಡಂತೆ ಮಿಣುಕುವ ಚಿಕ್ಕದು ಅರುಂಧತಿ. ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರ.

ಋಷಿಗಳು ಏಳು ಜನ. ಹೆಂಡತಿ ಜೊತೆಗಿರುವುದು ಒಬ್ಬರಿಗೆ ಮಾತ್ರ. ಉಳಿದವರೆಲ್ಲಿ? ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಹೇಳುತ್ತಾರೆ: ಅಗ್ನಿ ಆ ಋಷಿಪತ್ನಿಯರನ್ನು ಕಂಡು ಮೋಹಗೊಂಡ. ಅಗ್ನಿಯನ್ನು ಬಯಸಿದ್ದ ದಕ್ಷನ ಮಗಳು ಸ್ವಾಹಾ ಅವರ ರೂಪವನ್ನು ಒಂದೊಂದಾಗಿ ತಾಳಿ ಅವನನ್ನು ಸೇರಿದಳು. ಆರು ಜನರ ರೂಪ ಬಂತು. ಅರುಂಧತಿಯದು ಮಾತ್ರ, ಆಕೆಯ ತಪೋಬಲದಿಂದಾಗಿ, ಬರಲಿಲ್ಲ. ಸ್ಕಂದ ಹುಟ್ಟಿದ. ಸುದ್ದಿ ಹಬ್ಬಿತು. ಆರು ಋಷಿಗಳೂ ಹೆಂಡಿರನ್ನು ಬಿಟ್ಟರು. ಮಗ ತನ್ನವನೆಂದು ಸ್ವಾಹಾ ಹೇಳಿದಳು. ಎಲ್ಲವನ್ನೂ ಬಲ್ಲ ವಿಶ್ವಾಮಿತ್ರರು ನಿಮ್ಮ ಹೆಂಡಿರದು ತಪ್ಪಿಲ್ಲ ಎಂದರು. ಕೇಳಿಸಿಕೊಂಡೂ ಅವರು ಬಿಟ್ಟೇಬಿಟ್ಟರು.

ನನ್ನನ್ನು ಕಾಡುವುದು ಇದೇ. ತಿಳಿಯದೆ ಸಂಶಯಪಟ್ಟವರನ್ನಾದರೂ ಕ್ಷಮಿಸಬಹುದು. ನಿಜ ತಿಳಿದ ಮೇಲೂ ಬಿಟ್ಟದ್ದು ಯಾವ ಧರ್ಮ? ಜನರ ಬಾಯಿಗೆ ಹೆದರಿದರೆ? ಅಷ್ಟು ತಪಸ್ಸು ಮಾಡಿದವರು! ಅರುಂಧತಿಯ ರೂಪ ಬರಲಿಲ್ಲವೆಂದ ಮೇಲೆ ಉಳಿದವರಲ್ಲೇ ಏನೋ ಕೊರತೆಯಿತ್ತು ಎಂದು ವಾದಿಸಬಹುದು. ನಾನು ಒಪ್ಪುವುದಿಲ್ಲ. ಯಾರೋ ನನ್ನ ಸಹಿಯನ್ನು ನಕಲು ಮಾಡಿ ಸಾಲ ತೆಗೆದರೆ, ಪಕ್ಕದ ಮನೆಯಾಕೆಯ ಸಹಿ ಅವರ ಕೈಗೆ ಬಗ್ಗಲಿಲ್ಲವೆಂಬ ಕಾರಣಕ್ಕೆ ನಾನು ಮೋಸಗಾತಿಯಾಗುತ್ತೇನೆಯೆ?

ಋಷಿಪತ್ನಿಯರೆಂದೇ ತಿಳಿದು ಸೇರಿದ ಅಗ್ನಿಗೆ ಈ ಕಥೆಯಲ್ಲಿ ಶಿಕ್ಷೆಯಿಲ್ಲ. ಮದುವೆಗೆ ಸಾಕ್ಷಿ ಇಂದಿಗೂ ಅವನೇ. ಅವನ ಮುಂದಿನಿಂದ ಎದ್ದೇ ನಾವು ಅರುಂಧತಿಯನ್ನು ನೋಡಲು ಹೋಗುವುದು.

ಅರುಂಧತಿಯ ಮೇಲೆ ನನಗೆ ಗೌರವವಿದೆ. ಆದರೆ ಮದುಮಗಳಿಗೆ ಆಕೆಯನ್ನು ತೋರಿಸುವ ಹೊತ್ತಿನಲ್ಲಿ ಮದುಮಗನಿಗೆ ಆ ಆರು ಗಂಡಂದಿರನ್ನೂ ತೋರಿಸಬಾರದೇಕೆ? ಅವರೂ ಅಲ್ಲೇ, ವಸಿಷ್ಠರ ಸಾಲಿನಲ್ಲೇ ಇದ್ದಾರೆ.

ಬಿಡಲ್ಪಟ್ಟ ಹೆಂಗಸರು ಸ್ಕಂದನ ಬಳಿ ಬಂದರು. ಅವನು ತಾಯಂದಿರೆಂದು ಒಪ್ಪಿಕೊಂಡ. ಅವರೇ ಕೃತ್ತಿಕೆಯರು. ಕಾರ್ತಿಕ ಮಾಸಕ್ಕೆ ಹೆಸರು ಬಂದದ್ದು ಅವರಿಂದ. ಆ ತಿಂಗಳು ಸಂಜೆ ತುಳಸಿಕಟ್ಟೆಗೆ ದೀಪವಿಟ್ಟು, ಕತ್ತಲಾದ ಮೇಲೆ ಪೂರ್ವಕ್ಕೆ ತಿರುಗಿ ನೋಡಿ. ಬರಿಗಣ್ಣಿಗೆ ಆರು ಚುಕ್ಕೆಗಳ ಪುಟ್ಟ ಗೊಂಚಲೊಂದು ಮೇಲೇರುತ್ತಿರುತ್ತದೆ. ಆ ಹೊತ್ತಿಗೆ ನಮ್ಮ ಸೀಮೆಯ ಉತ್ತರದ ಆಕಾಶದಲ್ಲಿ ಸಪ್ತರ್ಷಿಗಳು ಒಬ್ಬರೂ ಇರುವುದಿಲ್ಲ.