ಇಂದಿನ ಧಮ್ಮ ಚಿಂತನೆ: ಭಿನ್ನಮತ ಬೇರೆ, ಒಡಕು ಬೇರೆ



ಕಳೆದ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ಒಬ್ಬ ಹುಡುಗ ನನ್ನ ಮಾತನ್ನು ಒಪ್ಪಲಿಲ್ಲ. "ಮೊದಲು ಓದಿಕೊಂಡು ಬಾರಪ್ಪ" ಎಂದು ಅವನ ಬಾಯಿ ಮುಚ್ಚಿಸಿದೆ. ಆಮೇಲೆ ಅದೇ ಮನಸ್ಸನ್ನು ಕೊರೆಯುತ್ತಿತ್ತು.

ಭಿನ್ನಮತಕ್ಕೆ ಇಂಗ್ಲಿಷಿನಲ್ಲಿ 'ಡಿಸೆಂಟ್' ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ 'ಡಿಸ್' ಎಂದರೆ ಬೇರೆಯಾಗಿ, 'ಸೆಂಟೀರೆ' ಎಂದರೆ ಭಾವಿಸು. 'ನನಗೆ ಹಾಗನ್ನಿಸುವುದಿಲ್ಲ' ಎನ್ನುವುದಷ್ಟೇ ಡಿಸೆಂಟ್. 'ಡಿಸ್ಕಾರ್ಡ್' ಎಂಬ ಪದದಲ್ಲಿರುವುದು 'ಕೋರ್', ಅಂದರೆ ಹೃದಯ. ಹೃದಯಗಳೇ ದೂರವಾದರೆ ಅದು ಒಡಕು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹೇಳುವ ಪ್ರಸಂಗ ನೆನಪಿಸಿಕೊಳ್ಳಿ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಮಾಡಬೇಕೆಂದು ಶಾಕ್ಯ ಸಂಘ ಹೊರಟಾಗ ಸಿದ್ಧಾರ್ಥರು ಎದ್ದು ನಿಂತು ವಿರೋಧಿಸಿದರು. ಬಹುಮತ ಅವರ ವಿರುದ್ಧವಾಯಿತು. ಅವರು ಮಾತು ಬದಲಿಸಲಿಲ್ಲ, ಸಂಘವನ್ನು ಒಡೆಯಲೂ ಇಲ್ಲ. ಮನೆಯವರಿಗೆ ಶಿಕ್ಷೆಯಾಗದಿರಲೆಂದು ತಾವೇ ದೇಶ ಬಿಟ್ಟರು. ಇದು ಭಿನ್ನಮತ.

ಕೋಸಂಬಿಯಲ್ಲೂ ಜಗಳ ನೀರಿನದೇ. ಪಾತ್ರೆಯಲ್ಲಿ ಉಳಿಸಿದ ಒಂದಿಷ್ಟು ನೀರಿನಿಂದ ಶುರುವಾಗಿ ಭಿಕ್ಖುಗಳು ಎರಡು ಪಕ್ಷವಾದರು. ಬುದ್ಧರು ತಿಳಿಹೇಳಿದರೂ ಕೇಳಲಿಲ್ಲ. ಅವರು ಒಬ್ಬರೇ ಕಾಡಿಗೆ ಹೊರಟುಹೋದರು. ಇದು ಒಡಕು.

ನಮ್ಮ ಹಿರಿಯರಿಗೆ ಎದುರು ಮಾತನಾಡುವ ಹಕ್ಕೇ ಇರಲಿಲ್ಲ. ಬಾಬಾಸಾಹೇಬರಿಂದ ಆ ಹಕ್ಕು ಪಡೆದ ನಾನೇ ಇನ್ನೊಬ್ಬರ ಬಾಯಿ ಮುಚ್ಚಿಸಿದೆನಲ್ಲ! ಹುಡುಗ ಬೇರೆಯಾಗಿ ಯೋಚಿಸಿದನೇ ಹೊರತು ದೂರವಾಗಿರಲಿಲ್ಲ. ದೂರ ತಳ್ಳಿದವನು ನಾನು.

ಈ ಭಾನುವಾರ ಅವನಲ್ಲಿ ಕ್ಷಮೆ ಕೇಳುತ್ತೇನೆ. ಆಮೇಲೆ ಅವನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಭವತು ಸಬ್ಬ ಮಂಗಲಂ. ಜೈಭೀಮ್.